ಜಿಗಿತ ಕುಗ್ಗಿದ ಮೇಲೆ ಎತ್ತರದ ಆಟಗಾರ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲೇ ಹೋಗಿ, ಶಾಲಾ ಬ್ಯಾಸ್ಕೆಟ್‌ಬಾಲ್ ತಂಡದ ಅತಿ ಎತ್ತರದ ಹುಡುಗನಿಗೆ ಹೇಳಿಕೊಡುವುದು ಒಂದೇ: ರಿಂಗ್ ಕೆಳಗೆ ನಿಲ್ಲು, ಹಾರು. ಅವನು ಹಾರುತ್ತಾನೆ, ಪಂದ್ಯವನ್ನೂ ಗೆಲ್ಲಿಸುತ್ತಾನೆ. ಸಿಮೆಂಟ್ ಅಂಕಣದಲ್ಲಿ ನಾಲ್ಕೈದು ವರ್ಷ ಹೀಗೇ ಆಡಿದರೆ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ.

ಮೊದಲು ಕೈಕೊಡುವುದು ಎರಡನೇ ಜಿಗಿತ, ಅಂದರೆ ಇಳಿದ ತಕ್ಷಣ ಮತ್ತೆ ಹಾರುವ ಶಕ್ತಿ. ಡಂಕ್, ಅಂದರೆ ಹಾರಿ ಚೆಂಡನ್ನು ಮೇಲಿನಿಂದ ರಿಂಗ್‌ಗೆ ತುರುಕುವುದು, ಇನ್ನೂ ಬೀಳುತ್ತಿರುವುದರಿಂದ ಇದು ಯಾರ ಗಮನಕ್ಕೂ ಬರುವುದಿಲ್ಲ. ರಿಬೌಂಡ್, ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು, ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ. 2011ರಲ್ಲಿ ಕಾರಿನ ಬಾನೆಟ್ ಮೇಲಿಂದ ಹಾರಿ ಡಂಕ್ ಮಾಡಿದ ಬ್ಲೇಕ್ ಗ್ರಿಫಿನ್, 2018-19ರಲ್ಲಿ ಡೆಟ್ರಾಯಿಟ್ ಪರ ಪಂದ್ಯಕ್ಕೆ ಸರಾಸರಿ 24.5 ಅಂಕ ಗಳಿಸಿದರು. ಅವರ ವೃತ್ತಿಜೀವನದ ಅತ್ಯುತ್ತಮ ಸರಾಸರಿ ಅದೇ, ಅದರಲ್ಲಿ ದೂರದ ಶಾಟ್‌ಗಳ ಪಾಲು ದೊಡ್ಡದು. ಡ್ವೈಟ್ ಹೋವರ್ಡ್ 2012ರ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರವೂ ಆಡಿದರು, 2020ರಲ್ಲಿ ಲೇಕರ್ಸ್ ಜೊತೆ ಪ್ರಶಸ್ತಿಯನ್ನೂ ಗೆದ್ದರು. ಆದರೆ ತಂಡದ ಮುಖ್ಯ ಆಟಗಾರನ ಸ್ಥಾನ ಹೋಗಿತ್ತು. ಅಂಕಣದಲ್ಲಿ ಸಿಗುವ ಸಮಯವೂ ಕಡಿಮೆ. ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಗೆರೆಯಲ್ಲಿ ನಿಂತು ತಡೆಯಿಲ್ಲದೆ ಹೊಡೆಯುವ ಶಾಟ್, ಅವರ ಕೈಗೆ ಕೊನೆಯವರೆಗೂ ಹತ್ತಲಿಲ್ಲ. ಬ್ರೂಕ್ ಲೋಪೆಜ್ ಮೊದಲ ಎಂಟು ಋತುಗಳಲ್ಲಿ ಹಾಕಿದ ದೂರದ ಮೂರಂಕದ ಶಾಟ್ ಬರೀ 3, ಒಂಬತ್ತನೆಯದರಲ್ಲಿ 134! ಜಿಗಿತ ಕುಗ್ಗಿದರೂ ಆಟದಲ್ಲಿ ಉಳಿಯಬಹುದು, ಸಂಶಯವಿಲ್ಲ. ಆದರೆ ಕಾಲು ಗಟ್ಟಿಯಿರುವಾಗಲೇ ಕೈ ಪಳಗಬೇಕು.

ಬಾಕ್ಸ್ ಔಟ್‌ನಿಂದ, ಅಂದರೆ ರಿಬೌಂಡ್‌ಗೆ ಬರುವ ಎದುರಾಳಿಯನ್ನು ಮೈಯಿಂದ ಅಡ್ಡಗಟ್ಟಿ ಹಿಂದೆ ಇರಿಸುವುದರಿಂದ ಶುರುಮಾಡಿ. ಶಾಟ್ ಎದ್ದ ಕೂಡಲೇ ಚೆಂಡು ನೋಡಬೇಡಿ, ಎದುರಾಳಿಯನ್ನು ಹುಡುಕಿ. ಮುಂಗೈ ಅವನ ಎದೆಗೆ ತಾಗಿಸಿ, ಒಂದು ಕಾಲಿನ ಮೇಲೆ ತಿರುಗಿ, ಬೆನ್ನು ಅವನಿಗೆ ಕೊಟ್ಟು, ಕಾಲಗಲಿಸಿ ಕುಳಿತಂತೆ ನಿಲ್ಲಿ. ಮಂಡಿ ನೆಟ್ಟಗಿದ್ದರೆ ತಳ್ಳಿಬಿಡುತ್ತಾನೆ. ಕೈ ಹಿಂದಕ್ಕೆ ಚಾಚಿ ಹಿಡಿದರೆ ಫೌಲ್. ಮೂಲೆಯಿಂದ ಹೊಡೆದು ತಪ್ಪಿದ ಶಾಟ್ ಬಹುಮಟ್ಟಿಗೆ ಆಚೆ ಬದಿಗೆ ಬೀಳುತ್ತದೆ. ಅಲ್ಲಿ ಮೊದಲೇ ನಿಂತವನಿಗೆ ಹಾರುವ ಕೆಲಸವೇ ಇಲ್ಲ. ಚೆಂಡು ಸಿಕ್ಕ ಮೇಲೆ ಗದ್ದದ ಕೆಳಗೆ, ಮೊಣಕೈ ಅಗಲಿಸಿ ಹಿಡಿಯಿರಿ. ಸೊಂಟಕ್ಕೆ ಇಳಿಸಿದರೆ ಗಿಡ್ಡ ಗಾರ್ಡ್‌ಗಳು ಕಿತ್ತುಕೊಳ್ಳುತ್ತಾರೆ.

ಮಂಡಿಗೆ ಗೋಡೆ ಕುರ್ಚಿ: ಬೆನ್ನನ್ನು ಗೋಡೆಗೆ ಒರಗಿಸಿ, ಕುರ್ಚಿಯಲ್ಲಿ ಕೂತ ಹಾಗೆ 45 ಸೆಕೆಂಡ್, ಐದು ಸಲ, ನಡುವೆ ಎರಡು ನಿಮಿಷ ಬಿಡುವು. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ನೋವು ಹೆಚ್ಚಿದ್ದರೆ ಆ ವಾರ ಜಿಗಿತದ ಅಭ್ಯಾಸ ಇಳಿಸಿ. ನೋವು ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಕಣಗಳಲ್ಲಿ ಪಾಚಿ. ಅಲ್ಲಿ ಹಾರುವುದೆಂದರೆ ಪಾದ ಉಳುಕಿಸಿಕೊಳ್ಳುವುದೇ. ಪಿವೋಟ್ (ಒಂದು ಕಾಲೂರಿ ತಿರುಗುವುದು), ಬಾಕ್ಸ್ ಔಟ್, ಹುಕ್ ಶಾಟ್‌ನ (ಪಕ್ಕಕ್ಕೆ ತಿರುಗಿ ಒಂದೇ ಕೈಯಿಂದ ತಲೆಯ ಮೇಲೆ ಹೊಡೆಯುವ ಶಾಟ್) ಹೆಜ್ಜೆಗೆ ಶಾಲೆಯ ಜಗಲಿ ಸಾಕು. ಅಂಕಣ ಒಣಗಿದ ಮೇಲೆ ರಿಂಗ್‌ನಿಂದ ಎಂಟು ಅಡಿ ದೂರದಲ್ಲಿ ನಿಂತು ಹೊಡೆಯಿರಿ. ಹತ್ತಕ್ಕೆ ಏಳು ಬಿದ್ದ ಮೇಲೆ ಒಂದು ಹೆಜ್ಜೆ ಹಿಂದೆ. ಫ್ರೀ ಥ್ರೋ ಗೆರೆ ಮುಟ್ಟುವವರೆಗೂ ಮೂರಂಕದ ಗೆರೆಯ ಕಡೆ ಹೋಗಬೇಡಿ.