ರಾಜಕಾರಣಿ ನ್ಯಾಯಮೂರ್ತಿ ಆಗಬಾರದಾ?

ನಮಸ್ಕಾರ, ಚಿಕ್ಕಮಗಳೂರಿಂದ ಮಾತಾಡ್ತಿದೀನಿ. ರಾಜಕೀಯದಲ್ಲಿದ್ದ ವಕೀಲರೊಬ್ಬರು ನ್ಯಾಯಮೂರ್ತಿ ಆಗ್ತಾರೆ ಅಂದ್ರೆ ಸಾಕು, ‘ಇನ್ನು ತೀರ್ಪೆಲ್ಲ ಪಕ್ಷದ ಪರ’ ಅಂತ ನಮ್ಮ ಜನ ತೀರ್ಮಾನಿಸಿಬಿಡ್ತಾರೆ. ನಾನು ಒಪ್ಪಲ್ಲ.

ಕಾರ್ಕಳ ತಾಲ್ಲೂಕಿನ ಕೌಡೂರು ಸದಾನಂದ ಹೆಗ್ಡೆ ಅವರನ್ನೇ ನೋಡಿ. 1952ರಲ್ಲಿ ಕಾಂಗ್ರೆಸ್ಸಿಂದ ರಾಜ್ಯಸಭೆಗೆ ಹೋದವರು, 1957ರಲ್ಲಿ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟ್ ನ್ಯಾಯಮೂರ್ತಿ ಆದ್ರು. ಮುಂದೆ ಸುಪ್ರೀಂ ಕೋರ್ಟ್. 1973ರ ಕೇಶವಾನಂದ ಭಾರತಿ ಕೇಸಲ್ಲಿ, ಸಂವಿಧಾನದ ಮೂಲ ಸ್ವರೂಪ ಬದಲಿಸೋ ಅಧಿಕಾರ ಸಂಸತ್ತಿಗಿಲ್ಲ ಅಂದ 7 ಜನರಲ್ಲಿ ಇವರೂ ಒಬ್ಬರು. ಅಧಿಕಾರದಲ್ಲಿ ಇದ್ದಿದ್ದು ಅದೇ ಕಾಂಗ್ರೆಸ್! ತೀರ್ಪಿನ ಬೆನ್ನಲ್ಲೇ, ಆ 7 ಜನರಲ್ಲಿದ್ದ ಹಿರಿಯ ನ್ಯಾಯಮೂರ್ತಿಗಳಾದ ಹೆಗ್ಡೆ, ಶೆಲಟ್, ಗ್ರೋವರ್ ಮೂವರನ್ನೂ ಬಿಟ್ಟು ಕಿರಿಯರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದ್ರು.

ಕೇರಳದ ವಿ.ಆರ್. ಕೃಷ್ಣಯ್ಯರ್ ಇನ್ನೂ ದೊಡ್ಡ ಉದಾಹರಣೆ. 1957ರ ಇಎಂಎಸ್ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿ. ಅದಕ್ಕೂ ಮುಂಚೆ ಸ್ವತಃ ಜೈಲು ಕಂಡವರು. ಸುಪ್ರೀಂ ಕೋರ್ಟಲ್ಲಿದ್ದಾಗ, ತಿಹಾರ್ ಜೈಲಿಂದ ಸುನಿಲ್ ಬಾತ್ರಾ ಅನ್ನೋ ಕೈದಿ ತನ್ನ ಸಹಕೈದಿ ಅನುಭವಿಸಿದ ಹಿಂಸೆ ಬಗ್ಗೆ ಬರೆದ ಪತ್ರವನ್ನೇ ಅರ್ಜಿ ಅಂತ ತಗೊಂಡು ವಿಚಾರಣೆ ಮಾಡಿದ್ರು. ಜನರ ಮಧ್ಯೆ ಓಡಾಡಿದವರಿಗೆ ಅಂಥ ಪತ್ರದ ಬೆಲೆ ಗೊತ್ತಿರುತ್ತೆ.

ನನ್ನ ತಕರಾರಿರೋದು ಕೋರ್ಟಿಂದ ರಾಜಕೀಯಕ್ಕೆ ವಾಪಸ್ ಹೋಗೋ ದಾರಿ ಬಗ್ಗೆ. ಬಹರುಲ್ ಇಸ್ಲಾಂ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು ಗುವಾಹಟಿ ಹೈಕೋರ್ಟಿಗೆ ಬಂದವರು. 1983ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟು ಅದೇ ಕಾಂಗ್ರೆಸ್ಸಿಂದ ಮತ್ತೆ ರಾಜ್ಯಸಭೆಗೆ ಹೋದ್ರು. ಆಮೇಲೆ ಅವರ ತೀರ್ಪುಗಳನ್ನ ಜನ ಯಾವ ಕಣ್ಣಿಂದ ನೋಡ್ಬೇಕು?

ಹೆಗ್ಡೆಯವರೂ ವಾಪಸ್ ಹೋದ್ರಲ್ಲ ಅಂತೀರಿ. ಹೌದು, 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆ ಸ್ಪೀಕರ್ ಆದ್ರು. ಜನರ ಹತ್ರ ಮತ ಕೇಳಿ ಹೋದವರು, ಆ ವ್ಯತ್ಯಾಸ ಸಣ್ಣದಲ್ಲ. ಆದ್ರೂ ನಮ್ಮೂರಿನವರಿಗೆ ಒಂದು ಕಸಿವಿಸಿ ಇದೆ. 1978ರ ನವೆಂಬರಲ್ಲಿ ನಾವು ಉಪಚುನಾವಣೆಯಲ್ಲಿ ಗೆಲ್ಲಿಸಿ ಕಳಿಸಿದ ಇಂದಿರಾ ಗಾಂಧಿಯನ್ನ ಡಿಸೆಂಬರಲ್ಲಿ ಸದನ ಉಚ್ಚಾಟಿಸಿತು. ಸ್ಪೀಕರ್ ಯಾರು? ಇಂದಿರಾ ಸರ್ಕಾರ ಬಡ್ತಿ ತಪ್ಪಿಸಿದ್ದ ಅದೇ ಹೆಗ್ಡೆ. ತೀರ್ಮಾನ ಸದನದ್ದು, ಅವರೊಬ್ಬರದ್ದಲ್ಲ. ಆದ್ರೆ ಸೇಡು ತೀರಿಸ್ಕೊಂಡ್ರು ಅನ್ನೋ ಮಾತು ಹುಟ್ಟೋಕೆ ಅಷ್ಟು ಸಾಕಲ್ವಾ?

ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಗಿದ್ದವರು ಮತ್ತೆ ಯಾವ ಕೋರ್ಟಲ್ಲೂ ವಕಾಲತ್ತು ಮಾಡೋ ಹಾಗಿಲ್ಲ, ಸಂವಿಧಾನದ 124ನೇ ವಿಧಿಯಲ್ಲೇ ಇದೆ. ಪಕ್ಷದ ಟಿಕೆಟ್ ತಗೊಳ್ಳೋಕೆ ಮಾತ್ರ ಒಂದು ದಿನದ ತಡೆಯೂ ಇಲ್ಲ. ಕನಿಷ್ಠ ಎರಡು ವರ್ಷ ಕಾಯ್ಬೇಕು ಅಂತ ಸಂಸತ್ತು ಕಾನೂನು ಮಾಡ್ಲಿ. ನಿಮ್ಮ ಎಂಪಿ ಸಿಕ್ಕಾಗ ಇದನ್ನ ಕೇಳಿ.