ಮೂಗಿಗೇರುವ ಸಾಸಿವೆ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ತಲೆ, ಮೂಗು, ನಾಲಿಗೆಗಳನ್ನು ಹಿಡಿದು ಫ್ರೆಂಚರು ಆಡುವ ನುಡಿಗಟ್ಟುಗಳ ಮಾತು.

ಫ್ರೆಂಚರು ತಲೆಗೆ ‘ತೆತ್’ ಎನ್ನುತ್ತಾರೆ. ಇಂಗ್ಲಿಷಿನ ‘ಟ’ಕಾರ ಅಲ್ಲ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ‘ತ’ಕಾರವೇ. ಲ್ಯಾಟಿನ್ನಿನ ‘ತೆಸ್ತ’ ಇದರ ಮೂಲ. ತೆಸ್ತ ಎಂದರೆ ಮಣ್ಣಿನ ಮಡಕೆ, ಮಡಕೆಯ ಚೂರು. ಮಡಕೆ ಹೋಗಿ ತಲೆಯಾಯಿತು! ಸೋರೆಬುರುಡೆಗೂ ತಲೆಬುರುಡೆಗೂ ನಾವು ಒಂದೇ ಪದ ಬಳಸುವುದಿಲ್ಲವೇ, ಹಾಗೆ. ತಲೆಗೆ ಅವರಲ್ಲಿ ಮೊದಲಿದ್ದ ಪದ ‘ಶೆಫ್’. ಅದು ಬರಬರುತ್ತಾ ಮುಖ್ಯಸ್ಥ ಎಂಬ ಅರ್ಥಕ್ಕೆ ನಿಂತಿತು. ದೊಡ್ಡ ಹೋಟೆಲುಗಳ ಅಡುಗೆಮನೆಯ ಶೆಫ್ ಬಂದದ್ದು ಅಲ್ಲಿಂದಲೇ.

ತಲೆಬುಡವಿಲ್ಲದ ಮಾತಿಗೆ ಅವರು ‘ಬಾಲವೂ ಇಲ್ಲ, ತಲೆಯೂ ಇಲ್ಲ’ ಅನ್ನುತ್ತಾರೆ. ನಾವು ಗಿಡ ನೋಡಿ ಆಡಿದ ಮಾತನ್ನು ಅವರು ಪ್ರಾಣಿ ನೋಡಿ ಆಡಿದ್ದಾರೆ. ವಿಪರೀತ ದುಬಾರಿಯಾದ ವಸ್ತುವಿಗೆ ‘ತಲೆಯಲ್ಲಿರುವ ಕಣ್ಣುಗಳನ್ನೇ’ ತೆರಬೇಕಂತೆ. ಬಾಯಲ್ಲಿ ನೀರೂರುವುದು ಮಾತ್ರ ಎರಡೂ ಕಡೆ ಒಂದೇ.

ನನಗೆ ತುಂಬ ಇಷ್ಟವಾದದ್ದು ಸಿಟ್ಟಿನ ಮಾತು: ‘ಸಾಸಿವೆ ನನ್ನ ಮೂಗಿಗೇರುತ್ತಿದೆ.’ ಒಗ್ಗರಣೆಗೆ ಸಿಡಿಸಿದ ಸಾಸಿವೆಯನ್ನಷ್ಟೇ ಬಲ್ಲವರಿಗೆ ಇದು ಅರ್ಥವಾಗುವುದು ಕಷ್ಟ. ಇಡೀ ಕಾಳಿನಲ್ಲಿ ಘಾಟಿಲ್ಲ. ಹಸಿ ಕಾಳನ್ನು ನೀರು ಹಾಕಿ ಅರೆದಾಗಲೇ ಅದು ಹುಟ್ಟುವುದು. ಫ್ರಾನ್ಸಿನ ದಿಜೋನ್ ಊರಿನ ಹೆಸರು ಹೊತ್ತ ಸಾಸಿವೆ ಗೊಜ್ಜು ಅಂಥದ್ದು. ಮಲೆನಾಡಿನ ಮನೆಗಳಲ್ಲಿ ಮಾವಿನಹಣ್ಣಿನ ಸಾಸಿವೆ ಉಂಡವರಿಗೆ ಗೊತ್ತು: ನಾಲಿಗೆಗೆ ತಾಗಿದ ಒಂದು ಗಳಿಗೆ ಏನೂ ಇಲ್ಲ, ಮರುಗಳಿಗೆ ಮೂಗಿನೊಳಗೆ ಝುಮ್ಮೆಂದು ಕಣ್ಣಲ್ಲಿ ನೀರು! ಸಿಟ್ಟು ಏರುವ ಪರಿಯೂ ಅದೇ. ನಮ್ಮಲ್ಲಿ ‘ಮೂಗಿನ ತುದಿಯಲ್ಲೇ ಕೋಪ’ ಅಂದರೆ ಅದು ಒಬ್ಬರ ಸ್ವಭಾವ. ಫ್ರೆಂಚಿನ ಮಾತು ಹಿಡಿಯುವುದು ಕೋಪ ಏರುತ್ತಿರುವ ಆ ಕ್ಷಣವನ್ನು.

ಇನ್ನು ನಾಲಿಗೆ. ಒಗಟಿಗೆ ಉತ್ತರ ಹೊಳೆಯದೆ ಸೋತವರು ‘ನನ್ನ ನಾಲಿಗೆಯನ್ನು ಬೆಕ್ಕಿಗೆ ಕೊಟ್ಟೆ’ ಅನ್ನುತ್ತಾರೆ. ಹಿಂದೆ ನಾಲಿಗೆ ಹೋಗುತ್ತಿದ್ದದ್ದು ನಾಯಿಗಳ ಪಾಲಿಗೆ. 1670ರ ಡಿಸೆಂಬರಿನಲ್ಲಿ ತನ್ನ ಪತ್ರಗಳಿಗೆ ಹೆಸರಾದ ಫ್ರೆಂಚ್ ಲೇಖಕಿ ಮದಾಮ್ ದ ಸೆವಿಞೆ ಒಂದು ಮದುವೆಯ ಸುದ್ದಿ ಬರೆಯುತ್ತಾ, ವರನ ಹೆಸರನ್ನೂ ಹೇಳದೆ, ಸುದ್ದಿ ಏನೆಂದು ಊಹಿಸಿ ಎಂದು ಸತಾಯಿಸಿ, ‘ನಾಲಿಗೆಯನ್ನು ನಾಯಿಗಳಿಗೆ ಎಸೆಯುತ್ತೀರಾ?’ ಎಂದು ಕೇಳುತ್ತಾಳೆ. ಎಸೆಯುವುದು ಒರಟು. ಬೆಕ್ಕಿಗೆ ಕೊಡುವುದರಲ್ಲಿ ಸಲಿಗೆಯಿದೆ, ಮನೆಯ ವಾತಾವರಣವಿದೆ. ಇವತ್ತಿಗೂ ಫ್ರೆಂಚ್ ಮಗುವೊಂದು ‘ಜ ದೊನ್ ಮ ಲಾಂಗ್ ಓ ಶಾ’, ಅಂದರೆ ನಾಲಿಗೆ ಬೆಕ್ಕಿಗೆ ಕೊಟ್ಟೆ, ಅಂದಿತೆಂದರೆ ಮುಗಿಯಿತು, ಒಗಟು ಹಾಕಿದವರು ಉತ್ತರ ಹೇಳಲೇಬೇಕು.