ಕಡಲ ದಂಡೆಯಲ್ಲೇ ಉಳಿಯುವ ವಿಶ್ವವಿದ್ಯಾಲಯ

ಎಲ್ಲರಿಗೂ ನಮಸ್ಕಾರ.

ಕಡಲ್ಕೊರೆತ ಅಂದರೇನು ಅಂತ ಮಂಗಳೂರಿನಲ್ಲಿ ನಿಂತು ನಾನು ವಿವರಿಸಬೇಕಾಗಿಲ್ಲ. ಉಳ್ಳಾಲ ಇಲ್ಲೇ ಇದೆ. ಮಳೆಗಾಲದಲ್ಲಿ ಮನೆ ಹೋಗುತ್ತದೆ, ಲಾರಿಯಲ್ಲಿ ಕಲ್ಲು ಬರುತ್ತದೆ, ಅಧ್ಯಯನಕ್ಕೆ ಒಂದು ತಂಡವೂ ಬರುತ್ತದೆ. ಕಲ್ಲು ಅಲ್ಲೇ ಉಳಿಯುತ್ತದೆ, ತಂಡ ಉಳಿಯುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಅದನ್ನೇ: ಕಡಲನ್ನು ಓದಿದವರು ಕಡಲ ಪಕ್ಕದಲ್ಲೇ ಉಳಿಯಬೇಕು. ಹಾಗೆ ಉಳಿದವರ ಉದಾಹರಣೆ ಹವಾಯಿ ದ್ವೀಪಗಳಲ್ಲಿದೆ. ಕಡಲಿನ ವಿದ್ಯೆಗೆ ಸರ್ಕಾರ ಹಣ ಕೊಡುವ, ಹವಾಯಿ ವಿಶ್ವವಿದ್ಯಾಲಯದ ಸೀ ಗ್ರಾಂಟ್ ಕಾರ್ಯಕ್ರಮ ಅದು.

ಸೀ ಗ್ರಾಂಟ್ ಹುಟ್ಟಿದ ಕತೆ ಚೆನ್ನಾಗಿದೆ. 1862ರಲ್ಲಿ ಅಮೆರಿಕ ತನ್ನ ರಾಜ್ಯಗಳಿಗೆ ಜಮೀನು ಕೊಟ್ಟು, ಅದರ ಹಣದಲ್ಲಿ ಕೃಷಿ ಕಾಲೇಜು ಕಟ್ಟಿಸಿತು. ನೂರು ವರ್ಷ ಆದ ಮೇಲೆ, 1963ರಲ್ಲಿ, ಅಥೆಲ್‌ಸ್ಟನ್ ಸ್ಪಿಲ್‌ಹಾಸ್ ಎಂಬ ವಿಜ್ಞಾನಿ ಕೇಳಿದರು: ನೆಲಕ್ಕೆ ಮಾಡಿದ್ದನ್ನು ಕಡಲಿಗೆ ಯಾಕೆ ಮಾಡಬಾರದು? ಅವರು ಆಗ ಕೆಲಸ ಮಾಡುತ್ತಿದ್ದದ್ದು ಮಿನಸೋಟಾದಲ್ಲಿ. ಅಲ್ಲಿಂದ ಸಮುದ್ರ ನೋಡಬೇಕೆಂದರೆ ಸುಮಾರು ಸಾವಿರ ಮೈಲು ಹೋಗಬೇಕು! 1966ರಲ್ಲಿ ಅಧ್ಯಕ್ಷ ಜಾನ್ಸನ್ ಸೀ ಗ್ರಾಂಟ್ ಕಾನೂನಿಗೆ ಸಹಿ ಹಾಕಿದರು. 1968ರಲ್ಲಿ ಹವಾಯಿಯಲ್ಲಿ ಕೆಲಸ ಶುರುವಾಯಿತು.

ಇದು ಯಾರದೋ ಮನೆಯ ಮಾತಲ್ಲ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆದದ್ದು ಅಮೆರಿಕದ ಆ ಕೃಷಿ ಕಾಲೇಜುಗಳ ಮಾದರಿಯಲ್ಲೇ. ಅದರ ಕೆಳಗೆ 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜು. ಪಾಠ, ಸಂಶೋಧನೆ, ಕಲಿತದ್ದನ್ನು ಜನರಿಗೆ ಮುಟ್ಟಿಸುವ ವಿಸ್ತರಣೆ ಅನ್ನುವ ಮೂರು ಕೆಲಸ ಅಲ್ಲಿಯೂ ಇಲ್ಲಿಯೂ ಒಂದೇ. ವಿಸ್ತರಣೆ ಅಂದ ತಕ್ಷಣ ನಮಗೆ ಒಂದು ದಿನದ ತರಬೇತಿ, ಬ್ಯಾನರು, ಮಧ್ಯಾಹ್ನದ ಊಟ ನೆನಪಾಗುತ್ತದೆ. ಹವಾಯಿಯಲ್ಲಿ ವಿಸ್ತರಣೆ ಅಂದರೆ ಒಬ್ಬ ಮನುಷ್ಯ. ಅವರು ಕವಾಯಿ ದ್ವೀಪದಲ್ಲೋ ಮಾವಿ ದ್ವೀಪದಲ್ಲೋ ಮನೆ ಮಾಡಿಕೊಂಡು ಇರುತ್ತಾರೆ. ನಮ್ಮ ಜಿಲ್ಲೆಯಂಥ ಕೌಂಟಿಯ ಕಚೇರಿಯ ಸಭೆಗೆ ಹೋಗುತ್ತಾರೆ. ದಂಡೆಯಲ್ಲಿ ಮನೆ ಕಟ್ಟುವವರಿಗೆ ಸಲಹೆ ಕೊಡುತ್ತಾರೆ. ದುಡ್ಡಿನ ಲೆಕ್ಕವೂ ಹಾಗೇ ಇದೆ: ಕೇಂದ್ರ ಸರ್ಕಾರ ಎರಡು ಡಾಲರ್ ಕೊಟ್ಟರೆ, ಕೇಂದ್ರದ್ದಲ್ಲದ ಒಂದು ಡಾಲರ್ ಹೊಂದಿಸಲೇಬೇಕು. ತಮ್ಮ ದುಡ್ಡೂ ಸೇರಿದ್ದರೆ ಅಲ್ಲಿಯ ಜನ ಕೆಲಸ ಕೇಳುತ್ತಾರೆ, ಅಲ್ವಾ?

ಹಾಗೆ ಇದ್ದದ್ದರಿಂದ ಏನಾಯಿತು? ಕವಾಯಿ, ಓಆಹು, ಮಾವಿ ಮೂರು ದ್ವೀಪಗಳಲ್ಲಿ 70 ಶೇಕಡಾ ಮರಳ ದಂಡೆ ಕೊರೆಯುತ್ತಿದೆ, ನೂರು ವರ್ಷದಲ್ಲಿ ಸುಮಾರು 21 ಕಿಲೋಮೀಟರ್ ದಂಡೆ ಪೂರ್ತಿ ಮಾಯವಾಗಿದೆ ಎಂದು 2012ರಲ್ಲಿ ಲೆಕ್ಕ ಸಿಕ್ಕಿತು. ಮಾಯವಾದ ಕಡೆ ಹೆಚ್ಚಾಗಿ ಇದ್ದದ್ದು ತಡೆಗೋಡೆ. ಕೊರೆಯುವ ದಂಡೆ ಒಳಗೆ ಸರಿಯಬೇಕು, ಹಿಂದಿನ ದಿಬ್ಬದ ಮರಳು ಅದಕ್ಕೆ ಸಿಗಬೇಕು. ಗೋಡೆ ಎರಡನ್ನೂ ತಡೆಯುತ್ತದೆ. ಹಿಂದಿನ ಮನೆ ಉಳಿಯುತ್ತದೆ, ಮುಂದಿನ ಮರಳು ಹೋಗುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದವನ ಜಾಗ ಇನ್ನೂ ಜಾಸ್ತಿ ಕೊರೆಯುತ್ತದೆ. ಈ ಕೊನೆಯ ಮಾತು ನಿಮ್ಮಲ್ಲಿ ಕೆಲವರಿಗೆ ಮನೆಯ ಅನುಭವವೇ ಇರಬಹುದು. ಕವಾಯಿಯಲ್ಲಿ ಈಗ ಆಯಾ ಜಾಗ ವರ್ಷಕ್ಕೆ ಎಷ್ಟು ಕೊರೆಯುತ್ತದೆ ಎಂದು ನೋಡಿ, ಮನೆ ಎಷ್ಟು ದೂರ ಕಟ್ಟಬೇಕು ಅಂತ ನಿಗದಿ ಮಾಡುತ್ತಾರೆ. 2020ರಲ್ಲಿ ರಾಜ್ಯದ ಕಾನೂನೇ ಬದಲಾಗಿ, ಮರಳ ದಂಡೆಯಲ್ಲಿ ಖಾಸಗಿಯವರು ಹೊಸ ಗೋಡೆ ಕಟ್ಟುವ ಹಾಗಿಲ್ಲ ಎಂದಾಯಿತು. ನಕ್ಷೆ ಮಾಡಿದವರು ನಕ್ಷೆ ಕೊಟ್ಟು ಹೋಗಿಬಿಟ್ಟಿದ್ದರೆ ಇದು ಆಗುತ್ತಿತ್ತೇ?

ಈಗ ಹೇಇಯಾ. ಇದನ್ನು ಹೇಳದೆ ನನಗೆ ಸಮಾಧಾನ ಇಲ್ಲ. ಓಆಹು ದ್ವೀಪದ ಕಾನೆಓಹೆ ಕೊಲ್ಲಿಯಲ್ಲಿ ಹೇಇಯಾ ಎಂಬ 88 ಎಕರೆಯ ಒಂದು ಮೀನಿನ ಕೆರೆ ಇದೆ. ಆರೇಳು ನೂರು ವರ್ಷದ ಹಿಂದೆ ಹವಾಯಿಯ ಜನ ಕೈಯಲ್ಲಿ ಕಟ್ಟಿದ್ದು. ಕಡಲನ್ನೇ ಸುತ್ತುವರಿದ ಎರಡು ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆ, ಸಿಮೆಂಟೇ ಇಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಮಾಕಾಹಾ ಎಂಬ ಜಾಲರಿ ಬಾಗಿಲು. ಮಲ್ಲೆಟ್ ಮೀನಿನ ಮರಿ ಜಾಲರಿಯ ಸಂದಿಯಲ್ಲಿ ಒಳಗೆ ಬರುತ್ತದೆ, ಮೇಯುತ್ತದೆ, ದಪ್ಪ ಆಗುತ್ತದೆ, ಹೊರಗೆ ಹೋಗಲಾಗುವುದಿಲ್ಲ! ಅಘನಾಶಿನಿ ನದಿಯ ಗಜನಿ, ಅಂದರೆ ಉಪ್ಪುನೀರಿನ ಗದ್ದೆ, ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಗ್ಗ ಭತ್ತ ಕೊಯ್ದ ಮೇಲೆ ನಮ್ಮವರೂ ಬಾಗಿಲು ತೆಗೆದು ಉಬ್ಬರದ ನೀರನ್ನೂ ಮೀನು, ಸಿಗಡಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತಾರಲ್ಲ.

1965ರ ನೆರೆಯಲ್ಲಿ ಆ ಗೋಡೆ ಒಡೆಯಿತು. ಮೇಲೆ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಬೆಳೆಯಿತು. ನಾವು ಕಾಂಡ್ಲಾ ನೆಡಿ ಅಂತ ಊರೂರಿಗೆ ಹೇಳುತ್ತೇವೆ, ನಮಗೆ ಅದು ಸರಿ. ಹವಾಯಿಗೆ ಅದು 1902ರಲ್ಲಿ ಹೊರಗಿನಿಂದ ತಂದ ಗಿಡ. ಬೇರು ಕಲ್ಲುಗಳ ನಡುವೆ ಇಳಿದು ಗೋಡೆಯನ್ನೇ ಸಡಿಲ ಮಾಡಿತು. ಊರಿನವರು ಅದನ್ನು ಕಡಿದು ತೆಗೆಯುತ್ತಿದ್ದಾರೆ. ಪುಸ್ತಕ ಓದಿ ಬಂದವರು ಇಲ್ಲಿಯ ಸಲಹೆಯನ್ನೇ ಅಲ್ಲಿ ಕೊಟ್ಟಿದ್ದರೆ ಗತಿ ಏನು? ಅದಕ್ಕೇ ಹೇಳುವುದು, ಅಲ್ಲೇ ಇರಬೇಕು.

ನಾನು ಹೋದಾಗ ಶನಿವಾರದ ಶ್ರಮದಾನ ನಡೆದಿತ್ತು. ಸಾಲಾಗಿ ನಿಂತು ಕಲ್ಲು ಕೈ ದಾಟಿಸುತ್ತಿದ್ದರು. ಸಾಲಿನಲ್ಲಿ ಪ್ರೊಫೆಸರು, ಶಾಲೆ ಮಕ್ಕಳು, ಅಜ್ಜಿಯರು. ನಾನು ಇಟ್ಟ ಕಲ್ಲನ್ನು ಒಬ್ಬ ಹುಡುಗಿ ತೆಗೆದು ತಿರುಗಿಸಿ ಇಟ್ಟಳು. ಉದ್ದದ ಬದಿ ಗೋಡೆಯ ಒಳಕ್ಕೆ ಹೋಗಬೇಕಂತೆ, ಆಗಲೇ ಅಲೆಗೆ ಕಲ್ಲು ಕಿತ್ತು ಬರುವುದಿಲ್ಲ. ನಡುವೆ ಹವಳದ ಚೂರು ತುಂಬುತ್ತಾರೆ. ನೀರು ನಿಧಾನಕ್ಕೆ ಜಿನುಗುತ್ತದೆ, ಗೋಡೆಗೆ ಒತ್ತಡ ಕಡಿಮೆ. 1965ರಲ್ಲಿ ಒಡೆದ ಆ ಜಾಗ ಕೊನೆಗೂ ಮುಚ್ಚಿದ್ದು 2015ರ ಡಿಸೆಂಬರಿನಲ್ಲಿ. ಇಂಥ ಊರಿನವರ ಜೊತೆ ಕೂತು ಸೀ ಗ್ರಾಂಟ್ ಸಂಶೋಧಕರು ನಡೆದುಕೊಳ್ಳಬೇಕಾದ ಕ್ರಮವೊಂದನ್ನು ಬರೆದಿದೆ, ಕೂಲಾನಾ ನೋಯಿ ಅಂತ ಹೆಸರು. ಸಂಶೋಧನೆಗೆ ಬರುವ ಮುಂಚೆ ಊರಿಗೆ ಏನು ಬೇಕು ಕೇಳಿ, ಸಿಕ್ಕಿದ ಮಾಹಿತಿಯನ್ನು ಊರಿಗೆ ಮರಳಿಸಿ, ಕೆಲಸ ಮುಗಿದ ಮೇಲೂ ಸಂಬಂಧ ಇಟ್ಟುಕೊಳ್ಳಿ ಎಂಬುದು ಅದರ ಸಾರ. ಇಲ್ಲಿ ಪಿಎಚ್‌ಡಿ ಮಾಡುವವರು ದಯವಿಟ್ಟು ಅದನ್ನು ಓದಿ.

ಚೀಟಿ ಬಂತು, ಹತ್ತು ನಿಮಿಷವೂ ಇಲ್ಲ. ಓಆಹುವಿನ ಹನೌಮಾ ಕೊಲ್ಲಿಯ ಮಾತನ್ನು ಬೇಗ ಬೇಗ ಹೇಳುತ್ತೇನೆ. ಒಂದು ಕಾಲದಲ್ಲಿ ಪ್ರವಾಸಿಗರು ಅಲ್ಲಿ ಮೀನಿಗೆ ಬಟಾಣಿ ಹಾಕುತ್ತಿದ್ದರು, ಹವಳದ ಮೇಲೇ ನಿಲ್ಲುತ್ತಿದ್ದರು. ಈಗ ನೀರಿಗೆ ಇಳಿಯುವ ಮುಂಚೆ ಎಲ್ಲರೂ ಒಂದು ಪುಟ್ಟ ಚಿತ್ರ ನೋಡಲೇಬೇಕು. ಆ ಶಿಕ್ಷಣದ ಕೆಲಸವನ್ನೂ ಸೀ ಗ್ರಾಂಟ್ ನಡೆಸಿಕೊಂಡು ಬಂದಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ಹತ್ತುವ ಮುಂಚೆ ಅಂಥದ್ದೊಂದು ತೋರಿಸಲು ಏನು ಕಷ್ಟ?

ಮನೆ ಮಾರುವಾಗ ಕಡಲು ಏರುವ ಅಪಾಯ ತಿಳಿಸಬೇಕೆಂಬ 2021ರ ಕಾನೂನು, ವೈಕೀಕಿ ದಂಡೆಯ ಮರಳಿನ ಕತೆ, ಎರಡನ್ನೂ ಬಿಡುತ್ತೇನೆ.

ಒಂದು ಕೆಲಸ ಮಾತ್ರ ಇವತ್ತೇ ಶುರು ಮಾಡಬಹುದು. ವರ್ಷದ ಅತಿ ದೊಡ್ಡ ಉಬ್ಬರದ ದಿನ ಹವಾಯಿಯ ಜನ ಫೋನಿನಲ್ಲಿ ದಂಡೆಯ ಫೋಟೋ ತೆಗೆದು ಸೀ ಗ್ರಾಂಟಿಗೆ ಕಳಿಸುತ್ತಾರೆ. ನೀರು ಮುಂದೆ ಎಲ್ಲಿಯವರೆಗೆ ಬರಬಹುದು ಎಂಬುದಕ್ಕೆ ಅದು ದಾಖಲೆ. ನಾವೂ ಮಾಡೋಣ. ಜಾಗ ಬದಲಾಗಬಾರದು, ನಿಲ್ಲುವ ದಿಕ್ಕು ಬದಲಾಗಬಾರದು, ತಾರೀಖು, ಗಂಟೆ ಬರೆದಿಡಬೇಕು. ಉಳ್ಳಾಲ, ಸೋಮೇಶ್ವರ, ಸಸಿಹಿತ್ಲು ಕಡೆಯಿಂದ ಬರುವ ವಿದ್ಯಾರ್ಥಿಗಳು ಚಹಾ ಹೊತ್ತಿನಲ್ಲಿ ನನ್ನ ಹತ್ತಿರ ಬನ್ನಿ, ಎಲ್ಲಿ ನಿಂತು ತೆಗೆಯಬೇಕು ಅಂತ ಗುರುತು ಮಾಡಿಕೊಳ್ಳೋಣ.